ಗ್ಲಾಕೋಮಾ ಡ್ರಾಪ್ಸ್ ಖರ್ಚು ಇಳಿಸುವುದು ಹೇಗೆ, ಒಂದು ಹೊತ್ತೂ ತಪ್ಪಿಸದೆ

ಗ್ಲಾಕೋಮಾಗೆ ಡ್ರಾಪ್ಸ್ ಶುರುವಾಯಿತೆಂದರೆ ಬಹುಪಾಲು ಜನರಿಗೆ ಅದು ಜೀವನಪೂರ್ತಿಯ ಖರ್ಚು. ತಿಂಗಳ ಕೊನೆಯಲ್ಲಿ ಕೈ ಬಿಗಿಯಾದಾಗ ದಿನ ಬಿಟ್ಟು ದಿನ ಹಾಕುವವರಿದ್ದಾರೆ, ಬಾಟಲಿ ಮುಗಿದರೆ ಸಂಬಳವೋ ಪಿಂಚಣಿಯೋ ಬರುವ ತನಕ ಸುಮ್ಮನಿರುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಡ್ರಾಪ್ಸ್ ಬಿಟ್ಟಾಗ ಕಣ್ಣಿನ ಪ್ರೆಶರ್ ಏರಿದರೂ ಸಾಮಾನ್ಯವಾಗಿ ನೋವಿರುವುದಿಲ್ಲ, ಮಂಜೂ ಕಾಣುವುದಿಲ್ಲ. ಕಣ್ಣಿನ ನರ ಒಳಗೊಳಗೇ ಸವೆಯುತ್ತದೆ, ಹೋದ ದೃಷ್ಟಿ ಯಾವ ಆಪರೇಷನ್‌ನಿಂದಲೂ ವಾಪಸ್ ಬರುವುದಿಲ್ಲ. ಒಂದು ಹೊತ್ತೂ ತಪ್ಪಿಸದೆ ಖರ್ಚು ಇಳಿಸಲು ಸಾಕಷ್ಟು ದಾರಿಗಳಿವೆ. ಅದರಲ್ಲಿ ದೊಡ್ಡ ಉಳಿತಾಯ ಎಷ್ಟೋ ಮನೆಗಳಲ್ಲಿ ಬಾಟಲಿಯ ಮೂತಿಯಲ್ಲೇ ಇದೆ.

ಬಾಟಲಿ ತಿಂಗಳಿಗೆ ಮೊದಲೇ ಖಾಲಿಯಾಗುತ್ತಿದೆಯೇ?

ಲೆಕ್ಕ ಹಾಕಿ ನೋಡಿ. ಗ್ಲಾಕೋಮಾಗೆ ಕೊಡುವ ಲ್ಯಾಟನೊಪ್ರಾಸ್ಟ್ ಡ್ರಾಪ್ಸ್‌ನ 2.5 ಮಿ.ಲೀ. ಬಾಟಲಿಯಲ್ಲಿ ಸುಮಾರು 80 ಹನಿ ಸಿಗುತ್ತದೆ, ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚು ಕಡಿಮೆ. ರಾತ್ರಿ ಎರಡೂ ಕಣ್ಣಿಗೆ ಒಂದೊಂದು ಹನಿ ಎಂದರೆ ತಿಂಗಳಿಗೆ 60. ಅಂದರೆ ಬಾಟಲಿ ತಿಂಗಳು ತುಂಬಿಸಿ, ಮೇಲೆ ಸ್ವಲ್ಪ ಉಳಿಯಬೇಕು. ಇಪ್ಪತ್ತೇ ದಿನಕ್ಕೆ ಮುಗಿಯುತ್ತಿದ್ದರೆ ವರ್ಷಕ್ಕೆ ಆರು ಬಾಟಲಿ ಜಾಸ್ತಿ ಕೊಳ್ಳುತ್ತಿದ್ದೀರಿ.

ಮೊದಲು ಮೂತಿ ನೋಡಿ. ನಮ್ಮಲ್ಲಿ ಸಿಗುವ ಹಲವು ಬಾಟಲಿಗಳ ಮೂತಿಗೆ ತೂತು ಇರುವುದಿಲ್ಲ. ಮುಚ್ಚಳದ ಒಳಗೆ ಒಂದು ಚೂಪಾದ ಮೊಳೆಯಂಥದ್ದು ಇರುತ್ತದೆ. ಮುಚ್ಚಳವನ್ನು ಬಲಕ್ಕೆ ಪೂರ್ತಿ ಬಿಗಿದರೆ ಅದು ಅಳತೆಗೆ ಸರಿಯಾದ ಸಣ್ಣ ತೂತು ಮಾಡುತ್ತದೆ. ಇದು ಗೊತ್ತಿಲ್ಲದೆ ಸೇಫ್ಟಿ ಪಿನ್ನೋ ದಬ್ಬಳವೋ ಚುಚ್ಚಿದರೆ, ಇಲ್ಲವೇ ಬ್ಲೇಡಿನಲ್ಲಿ ಮೂತಿ ಕತ್ತರಿಸಿದರೆ ತೂತು ದೊಡ್ಡದಾಗುತ್ತದೆ. ಆಮೇಲೆ ಪ್ರತಿ ಹನಿಯೂ ದಪ್ಪ, ಸ್ವಲ್ಪ ಒತ್ತಿದರೆ ಎರಡು ಮೂರು ಒಟ್ಟಿಗೇ ಬೀಳುತ್ತವೆ. ಮೇಲಾಗಿ ಪಿನ್ನಿನ ಕೊಳೆ ಔಷಧದೊಳಗೆ ಹೋಗುತ್ತದೆ. ಕೆಲವು ಬಾಟಲಿಗೆ ತೂತು ಮೊದಲೇ ಇರುತ್ತದೆ, ಹಾಗಾಗಿ ತೆರೆಯುವ ಮುಂಚೆ ಡಬ್ಬಿಯ ಮೇಲಿನ ಚಿತ್ರ ನೋಡಿ.

ಇನ್ನೊಂದು, "ಸರಿಯಾಗಿ ಬಿತ್ತೋ ಇಲ್ಲವೋ" ಅಂತ ಎರಡನೇ ಹನಿ ಹಾಕುವ ಅಭ್ಯಾಸ. ಕಣ್ಣಿನ ಮೇಲ್ಮೈ ಹಿಡಿಯುವುದೇ ಹೆಚ್ಚೆಂದರೆ 30 ಮೈಕ್ರೋಲೀಟರ್. ಬಾಟಲಿಯ ಒಂದು ಹನಿಯೇ ಅಷ್ಟಿರುತ್ತದೆ, ಕೆಲವೊಮ್ಮೆ ಅದಕ್ಕಿಂತ ದಪ್ಪ. ಎರಡನೆಯದು ಕೆನ್ನೆ ಮೇಲೆ ಇಳಿದುಹೋಗುತ್ತದೆ, ಜೊತೆಗೆ ಮೊದಲನೆಯದನ್ನೂ ತೊಳೆದುಕೊಂಡು ಹೋಗುತ್ತದೆ.

ಹನಿ ವ್ಯರ್ಥವಾಗದಂತೆ ಹಾಕುವ ಕ್ರಮ

ಕೈ ತೊಳೆದುಕೊಳ್ಳಿ. ಮಂಚದ ಮೇಲೆ ದಿಂಬಿಲ್ಲದೆ ಅಂಗಾತ ಮಲಗಿ. ನಿಂತು ಕತ್ತೆತ್ತಿ ಹಾಕುವುದಕ್ಕಿಂತ ಗುರಿ ತಪ್ಪುವುದು ಕಡಿಮೆ. ಕೆಳರೆಪ್ಪೆಯನ್ನು ಬೆರಳಿನಿಂದ ಕೆಳಗೆ ಎಳೆದು ಸಣ್ಣ ಚೀಲದಂತೆ ಮಾಡಿ. ಬಾಟಲಿ ಹಿಡಿದ ಕೈ ಹಣೆಗೆ ಆನಿಸಿದರೆ ನಡುಗುವುದಿಲ್ಲ. ಮೂತಿ ರೆಪ್ಪೆಗೂ ಕೂದಲಿಗೂ ತಾಗಬಾರದು. ಮೇಲೆ ನೋಡುತ್ತಾ ಒಂದೇ ಹನಿ ಬಿಡಿ, ಕಣ್ಣು ಮೆಲ್ಲಗೆ ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ತೋರುಬೆರಳಿನಿಂದ ಎರಡು ಮೂರು ನಿಮಿಷ ಒತ್ತಿ ಹಿಡಿಯಿರಿ. ಇಲ್ಲದಿದ್ದರೆ ಔಷಧ ಕಣ್ಣೀರಿನ ನಾಳದಲ್ಲಿ ಮೂಗಿಗೆ, ಅಲ್ಲಿಂದ ರಕ್ತಕ್ಕೆ ಹೋಗುತ್ತದೆ. ಕಣ್ಣು ಪಟಪಟ ಬಡಿಯಬೇಡಿ.

ಹನಿ ಬಿದ್ದದ್ದು ಗೊತ್ತಾಗದವರು ಬಾಟಲಿಯನ್ನು ಫ್ರಿಡ್ಜ್‌ನಲ್ಲಿಟ್ಟು ಬಳಸಿ. ತಣ್ಣಗಿನ ಹನಿ ಕಣ್ಣಿಗೆ ಬಿದ್ದ ತಕ್ಷಣ ತಿಳಿಯುತ್ತದೆ. ಫ್ರೀಜರ್ ಮಾತ್ರ ಬೇಡ. ಎರಡು ಥರದ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಿ. ಬ್ರಿಂಜೊಲಮೈಡ್‌ನಂಥ ಬಿಳಿ ದ್ರವವಾದರೆ ಪ್ರತಿ ಸಲ ಚೆನ್ನಾಗಿ ಅಲ್ಲಾಡಿಸಿ, ಇಲ್ಲದಿದ್ದರೆ ಔಷಧ ತಳದಲ್ಲೇ ಉಳಿಯುತ್ತದೆ.

ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಮಾರ್ಕರ್‌ನಲ್ಲಿ ಬರೆಯಿರಿ. ಡಬ್ಬಿಯ ಮೇಲೆ ಹೇಳಿದ ಅವಧಿ, ಸಾಮಾನ್ಯವಾಗಿ ಒಂದು ತಿಂಗಳು, ಮುಗಿದ ಮೇಲೆ ಉಳಿದದ್ದನ್ನು ಎಸೆಯಲೇಬೇಕು. ಇಲ್ಲಿ ಉಳಿತಾಯ ನೋಡಿ ಕಣ್ಣಿಗೆ ಸೋಂಕು ತಂದುಕೊಳ್ಳಬೇಡಿ. ಗಂಡ ಹೆಂಡತಿ ಇಬ್ಬರಿಗೂ ಅದೇ ಔಷಧವಿದ್ದರೂ ಬಾಟಲಿ ಬೇರೆ ಬೇರೆ ಇರಲಿ.

ಚೀಟಿಯಲ್ಲಿ ಯಾವ ಹೆಸರಿದೆ?

"ಡಾಕ್ಟ್ರೇ, ಔಷಧದ ಜೆನೆರಿಕ್ ಹೆಸರನ್ನೂ ಪ್ರಮಾಣವನ್ನೂ ಬರೆದುಕೊಡಿ" ಎಂದು ಕೇಳಿ. ಬ್ರ್ಯಾಂಡ್ ಮಾತ್ರ ಇದ್ದರೆ ಅಂಗಡಿಯವರು ಬೇರೆಯದು ಕೊಡಲು ಹಿಂಜರಿಯುತ್ತಾರೆ. ಟಿಮೊಲಾಲ್, ಲ್ಯಾಟನೊಪ್ರಾಸ್ಟ್, ಬ್ರಿಮೊನಿಡಿನ್, ಡಾರ್ಜೊಲಮೈಡ್ ಎಲ್ಲವನ್ನೂ ಹಲವು ಕಂಪನಿಗಳು ಮಾಡುತ್ತವೆ, ಬೆಲೆಯಲ್ಲಿ ಅಂತರ ದೊಡ್ಡದು. 'ಜನೌಷಧಿ ಸುಗಮ್' ಆ್ಯಪ್‌ನಲ್ಲಿ ಔಷಧದ ಹೆಸರು ಹಾಕಿದರೆ ಜನೌಷಧಿ ಕೇಂದ್ರದ ಬೆಲೆಯೂ ಹತ್ತಿರದ ಕೇಂದ್ರವೂ ಸಿಗುತ್ತದೆ. ಹೋಗುವ ಮುಂಚೆ ಫೋನ್ ಮಾಡಿ ಸ್ಟಾಕ್ ಇದೆಯೇ ಕೇಳಿ, ಕಣ್ಣಿನ ಡ್ರಾಪ್ಸ್ ಎಲ್ಲ ಕೇಂದ್ರಗಳಲ್ಲಿ ಸದಾ ಇರುವುದಿಲ್ಲ. ಕಂಪನಿಗಳ ಬೆಲೆ ಹೋಲಿಸಲು ಔಷಧ ಬೆಲೆ ನಿಯಂತ್ರಿಸುವ ಕೇಂದ್ರ ಸರ್ಕಾರದ ಸಂಸ್ಥೆ ಎನ್‌ಪಿಪಿಎ ನಡೆಸುವ 'ಫಾರ್ಮಾ ಸಹಿ ದಾಮ್' ಆ್ಯಪ್ ಇದೆ. ಲ್ಯಾಟನೊಪ್ರಾಸ್ಟ್ 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಆ ಪಟ್ಟಿಯ ಔಷಧಗಳಿಗೆ ಸರ್ಕಾರ ಗರಿಷ್ಠ ಬೆಲೆ ಗೊತ್ತುಮಾಡುತ್ತದೆ. ಎಂಆರ್‌ಪಿ ಎಂಬುದು ಮೇಲಿನ ಮಿತಿ ಅಷ್ಟೇ. ಪ್ರತಿ ತಿಂಗಳು ಕೊಳ್ಳುವ ಅಂಗಡಿಯಲ್ಲಿ ರಿಯಾಯಿತಿ ಕೇಳಲು ಸಂಕೋಚ ಬೇಡ.

ಹೋಲಿಸುವಾಗ ಮಿಲಿಲೀಟರ್ ಬೆಲೆ ನೋಡಬೇಡಿ, ತಿಂಗಳ ಬೆಲೆ ನೋಡಿ. ದಿನಕ್ಕೊಂದು ಸಲ ಹಾಕುವವರಿಗೆ 3 ಮಿ.ಲೀ. ಬಾಟಲಿಯಲ್ಲಿ ಉಳಿದದ್ದು ತಿಂಗಳಾದ ಮೇಲೆ ಕಸಕ್ಕೇ ಹೋಗುತ್ತದೆ. ಎರಡು ಬಾಟಲಿ ಬಳಸುತ್ತಿದ್ದರೆ, ಎರಡೂ ಔಷಧ ಸೇರಿದ ಒಂದೇ ಬಾಟಲಿ ಆಗುತ್ತದೆಯೇ ಎಂದು ಡಾಕ್ಟರನ್ನು ಕೇಳಿ. ಬಿಡಿಬಿಡಿಯಾಗಿ ತಲಾ 300 ರೂ., ಸೇರಿಸಿದ್ದು 420 ರೂ. ಎಂದಿಟ್ಟುಕೊಳ್ಳಿ: ತಿಂಗಳಿಗೆ 180 ಉಳಿಯಿತು, ಐದು ನಿಮಿಷ ಕಾಯುವುದೂ ತಪ್ಪಿತು. ಕೆಲವೊಮ್ಮೆ ಲೆಕ್ಕ ಉಲ್ಟಾ ಆಗುವುದೂ ಉಂಟು, ಹಾಗಾಗಿ ಕೂಡಿಸಿ ನೋಡಿಯೇ ನಿರ್ಧರಿಸಿ.

ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕರೂ ಒಂದು ಎಚ್ಚರಿಕೆ. ತೆರೆಯದ ಲ್ಯಾಟನೊಪ್ರಾಸ್ಟ್ ಬಾಟಲಿ ಸಾಮಾನ್ಯವಾಗಿ 2ರಿಂದ 8 ಡಿಗ್ರಿಯಲ್ಲಿರಬೇಕು. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ಕೊರಿಯರ್ ವ್ಯಾನಿನಲ್ಲಿ ಎರಡು ದಿನ ಕಳೆದು ಬಂದದ್ದನ್ನು ನಂಬುವುದು ಕಷ್ಟ. ಅಂಥದ್ದನ್ನು ಫ್ರಿಡ್ಜ್ ಇರುವ ಅಂಗಡಿಯಲ್ಲೇ ಕೊಳ್ಳಿ. ಹೊರಗೇ ಇಡಬಹುದಾದ ಬಾಟಲಿಗಳೂ ಇವೆ, ಡಬ್ಬಿ ಓದಿದರೆ ಗೊತ್ತಾಗುತ್ತದೆ.

ನೀವೇ ಬದಲಾಯಿಸಬಾರದ್ದು

ಟಿಮೊಲಾಲ್ ತುಂಬ ಅಗ್ಗ. ಆದರೆ ಆಸ್ತಮಾ ಇರುವವರಿಗೆ, ಹೃದಯದ ಬಡಿತ ನಿಧಾನವಿರುವವರಿಗೆ ಅದು ಅಪಾಯ. ಕಣ್ಣಿಗೆ ಹಾಕಿದ ಒಂದೇ ಹನಿಗೂ ಉಸಿರು ಕಟ್ಟಬಹುದು. ಅಂಗಡಿಯವರು "ಇದೂ ಪ್ರೆಶರ್‌ಗೇ" ಎಂದರೂ ಬೇರೆ ಔಷಧ ತರಬೇಡಿ. ಅದೇ ಔಷಧವಾದರೂ ಪ್ರಮಾಣ ನೋಡಿ: ಬಿಮಾಟೊಪ್ರಾಸ್ಟ್ 0.01% ಮತ್ತು 0.03% ಎರಡೂ ಇವೆ. ಕಂಪನಿ ಬದಲಿಸಿದರೆ ಡಾಕ್ಟರಿಗೆ ಹೇಳಿ, ನಾಲ್ಕರಿಂದ ಆರು ವಾರದಲ್ಲಿ ಪ್ರೆಶರ್ ಪರೀಕ್ಷೆ ಮಾಡಿಸಿ.

ಖರ್ಚು ಬೇರೆಯವರು ಭರಿಸುವಂತಿದ್ದರೆ

ಇಎಸ್‌ಐ ಇರುವವರಿಗೂ ಅವರ ಅವಲಂಬಿತರಿಗೂ ಇಎಸ್‌ಐ ಡಿಸ್ಪೆನ್ಸರಿಯಲ್ಲಿ ಔಷಧ ಉಚಿತ. ಮಗಳಿಗೋ ಮಗನಿಗೋ ಇಎಸ್‌ಐ ಇದ್ದರೆ ಅವಲಂಬಿತ ತಂದೆತಾಯಿಯ ಹೆಸರು ಸೇರಿಸಿದ್ದಾರೆಯೇ ಕೇಳಿ. ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ ಸಿಜಿಎಚ್‌ಎಸ್, ಮಾಜಿ ಸೈನಿಕರಿಗೆ ಇಸಿಎಚ್‌ಎಸ್ ಎಂಬ ಆರೋಗ್ಯ ಯೋಜನೆಗಳಿವೆ. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಗೆ ಹೋದಾಗ ಫಾರ್ಮಸಿಯಲ್ಲಿ ಯಾವ ಡ್ರಾಪ್ಸ್ ಇದೆ ಎಂದು ಚೀಟಿ ಬರೆಸುವ ಮುಂಚೆಯೇ ವಿಚಾರಿಸಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗುವ ಚಿಕಿತ್ಸೆಗೆ, ತಿಂಗಳ ಡ್ರಾಪ್ಸ್‌ಗೆ ಅದನ್ನು ನೆಚ್ಚಬೇಡಿ. ಆರೋಗ್ಯ ವಿಮೆ ಇಲ್ಲದ, ಹಳೇ ತೆರಿಗೆ ಪದ್ಧತಿಯಲ್ಲಿರುವ 60 ದಾಟಿದವರು ವೈದ್ಯಕೀಯ ಖರ್ಚಿಗೆ ವರ್ಷಕ್ಕೆ 50,000 ರೂ. ತನಕ ತೆರಿಗೆ ಲೆಕ್ಕದ ಆದಾಯದಲ್ಲಿ ಕಡಿತ ಪಡೆಯಬಹುದು. ನಗದು ಕೊಟ್ಟರೆ ಸಿಗುವುದಿಲ್ಲ, ಯುಪಿಐನಲ್ಲಿ ಕೊಟ್ಟು ಬಿಲ್ ಎತ್ತಿಡಿ.

ಲೇಸರ್ ಬಗ್ಗೆ ಕೇಳಿ

ನಿಮ್ಮದು ಓಪನ್ ಆ್ಯಂಗಲ್ ಎಂಬ ಬಗೆಯ ಗ್ಲಾಕೋಮಾ ಆಗಿದ್ದರೆ ಎಸ್‌ಎಲ್‌ಟಿ ಎಂಬ ಲೇಸರ್ ಚಿಕಿತ್ಸೆ ನಿಮಗೆ ಒಗ್ಗುತ್ತದೆಯೇ ಎಂದು ಡಾಕ್ಟರಲ್ಲಿ ಕೇಳಿ. ಬ್ರಿಟನ್ನಿನ 'ಲೈಟ್' ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅದರಲ್ಲಿ, ಆರಂಭದಲ್ಲೇ ಈ ಲೇಸರ್ ಮಾಡಿಸಿಕೊಂಡವರಲ್ಲಿ ಸುಮಾರು 74% ಜನರಿಗೆ ಮೂರು ವರ್ಷ ಕಳೆದಾಗಲೂ ಡ್ರಾಪ್ಸ್ ಬೇಕಾಗಿರಲಿಲ್ಲ. ಅಡ್ಮಿಟ್ ಆಗಬೇಕಿಲ್ಲ, ಅಂದೇ ಮನೆಗೆ. ಲೇಸರ್ ಖರ್ಚನ್ನು ನಿಮ್ಮ ತಿಂಗಳ ಡ್ರಾಪ್ಸ್ ಖರ್ಚಿನಿಂದ ಭಾಗಿಸಿದರೆ ಎಷ್ಟು ತಿಂಗಳಲ್ಲಿ ದುಡ್ಡು ಹುಟ್ಟುತ್ತದೆ ತಿಳಿಯುತ್ತದೆ. ಎಲ್ಲರಿಗೂ ಇದು ಕೆಲಸ ಮಾಡುವುದಿಲ್ಲ, ಮಾಡಿದರೂ ಪರಿಣಾಮ ಕೆಲವು ವರ್ಷಗಳಲ್ಲಿ ಇಳಿಯಬಹುದು. ಆದ್ದರಿಂದ ಡಾಕ್ಟರು ಹೇಳುವ ತನಕ ಡ್ರಾಪ್ಸ್ ನಿಲ್ಲಿಸಬೇಡಿ, ನಿಲ್ಲಿಸಿದ ಮೇಲೂ ಪ್ರೆಶರ್ ತಪಾಸಣೆ ತಪ್ಪಿಸಬೇಡಿ.