ತೊಗರಿ ಕಡ್ಡಿ ಸೀಳಿದ ಮೇಲೆ ಸಿಕ್ಕ ಕೆಲಸ

ಎಮ್ಮೆಸ್ಸಿ ಬಾಟನಿ ಮುಗಿಸಿ ಒಂದು ವರ್ಷ ಕಲಬುರಗಿಯಲ್ಲೇ ರೂಮ್ ಮಾಡಿಕೊಂಡಿದ್ದೆ. ದಿನಾ ಬೆಳಗ್ಗೆ ವಿಶ್ವವಿದ್ಯಾಲಯಗಳ ನೌಕರಿ ಜಾಹೀರಾತು ಹುಡುಕುವುದೇ ಕೆಲಸ. ‘ಬಾಟನಿ’ ಅಂತ ಬರೆದಿದ್ದರೆ ಓದುತ್ತಿದ್ದೆ, ಇಲ್ಲದಿದ್ದರೆ ಬಿಡುತ್ತಿದ್ದೆ. ಆ ವರ್ಷ ಹೋದದ್ದೇ ಹಾಗೆ.

ಗುಲ್ಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಕ್ಯಾಂಪಸ್ಸಿನಲ್ಲಿ ಸಿಕ್ಕ ಸೀನಿಯರ್ ಒಬ್ಬರು ಹೇಳಿದರು: “ಮ್ಯಾಲಿನ ಹೆಸರು ಬಿಡಪಾ, ಕೆಳಗ ಕೆಲಸ ಏನದ ಅದು ನೋಡು.” ಆಮೇಲೆ ಕಣ್ಣಿಗೆ ಬಿದ್ದದ್ದು ತೊಗರಿ ಗಿಡ ಬಾಡಿ ಒಣಗುವ ನೆಟೆ ರೋಗದ ಸಂಶೋಧನಾ ಪ್ರಾಜೆಕ್ಟ್. ಕರೆದದ್ದು ಸಸ್ಯರೋಗ ವಿಭಾಗ. ಕೇಳಿದ್ದು ಜೀವವಿಜ್ಞಾನದ ಯಾವುದೇ ವಿಷಯದಲ್ಲಿ ಎಮ್ಮೆಸ್ಸಿ, ಶಿಲೀಂಧ್ರ ಬೆಳೆಸಿ ಗೊತ್ತಿದ್ದರೆ ಒಳ್ಳೆಯದು ಅಂತ. ನಾನು ಡಿಸರ್ಟೇಶನ್‌ಗೆ ಆರು ತಿಂಗಳು ಮಾಡಿದ್ದು ಅದನ್ನೇ!

ಸಂದರ್ಶನದಲ್ಲಿ ಒಂದು ಒಣಗಿದ ತೊಗರಿ ಕಡ್ಡಿ, ಒಂದು ಬ್ಲೇಡು ಕೊಟ್ಟರು. “ಸೀಳಿ ನೋಡ್ರಿ, ಏನ್ ಕಾಣಸ್ತದ ಹೇಳ್ರಿ.” ತೊಗಟೆ ಬಿಡಿಸಿ ಉದ್ದಕ್ಕೆ ಸೀಳಿದೆ. ಬುಡದಿಂದ ಮೇಲಕ್ಕೆ ಕಪ್ಪು ಗೆರೆ ಓಡಿತ್ತು. ಫ್ಯುಸೇರಿಯಂ ಉಡಮ್ ಅನ್ನುವ ಶಿಲೀಂಧ್ರ ಮಣ್ಣಿನಿಂದ ಬೇರಿಗೆ ಹೊಕ್ಕು ನೀರಿನ ನಾಳ ಮುಚ್ಚಿಬಿಡುತ್ತದೆ, ಹಸಿ ಇದ್ದ ನೆಲದಲ್ಲೇ ಗಿಡ ಒಣಗುತ್ತದೆ ಅಂತ ಹೇಳಿದೆ. ನಮ್ಮ ಹೊಲ ಆಳಂದ ಕಡೆ. ಹೂ ಬಿಡುವ ಹೊತ್ತಿಗೆ ಗಿಡ ಬಾಡಿದಾಗ ಅಪ್ಪ ಬದುವಿನ ಮೇಲೆ ಸುಮ್ನೆ ಕೂತುಬಿಡುತ್ತಿದ್ದದ್ದು ನೆನಪಾಗಿ ಗಂಟಲು ಕಟ್ಟಿತು. ಅದನ್ನೂ ಹೇಳಿದೆ.

ಕೆಲಸ ಸಿಕ್ಕಿತು.

ಈಗ ನಾನು ಜಾಹೀರಾತು ಕೆಳಗಿನಿಂದ ಓದುತ್ತೇನೆ. ಪ್ರಾಜೆಕ್ಟ್ ಇನ್ನೆಷ್ಟು ತಿಂಗಳಿದೆ, ದುಡ್ಡು ಯಾರದು, ಯಾವುದು ಇರಲೇಬೇಕು, ಯಾವುದು ಇದ್ದರೆ ಒಳ್ಳೆಯದು. ಪ್ರಾಜೆಕ್ಟ್ ಮುಗಿದರೆ ಹುದ್ದೆಯೂ ಮುಗಿಯುತ್ತದೆ. ನೇರ ಸಂದರ್ಶನಕ್ಕೆ ಸಾಮಾನ್ಯವಾಗಿ ಬಸ್ ಚಾರ್ಜು ಕೊಡುವುದಿಲ್ಲ. ಅಸಲು ಅಂಕಪಟ್ಟಿ ಜೊತೆಗೇ ಇರಲಿ. ಒಂದು ಕಡೆ ನಾನು ಬರೀ ಝೆರಾಕ್ಸ್ ಒಯ್ದು, ಬಾಗಿಲಿನಿಂದಲೇ ವಾಪಸ್ ಬಂದಿದ್ದೇನೆ. ಮತ್ತೆ, ಪ್ರಾಜೆಕ್ಟ್ ನಡೆಸುವ ಪ್ರೊಫೆಸರ್ ಬರೆದ ಒಂದಾದರೂ ಪ್ರಬಂಧ ಓದಿಕೊಂಡು ಹೋಗಿ. ಇದಕ್ಕಿಂತ ದೊಡ್ಡ ತಯಾರಿ ಇಲ್ಲ ಅಂತ ನನ್ನ ನಂಬಿಕೆ.

ಸಂಬಳದ ಮಾತು. ನೆಟ್ ಅನ್ನುವ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಲ್ಲಿ ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್) ಸಿಕ್ಕವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಮನೆ ಬಾಡಿಗೆ ಬೇರೆ. ನನಗೆ ಆಗ ನೆಟ್ ಆಗಿರಲಿಲ್ಲ, ಕಡಿಮೆಯೇ ಬಂತು. ಅದೂ ಮೊದಲ ನಾಲ್ಕು ತಿಂಗಳು ಒಟ್ಟಿಗೆ, ತಡವಾಗಿ. ರೂಮಿನ ಬಾಡಿಗೆಗೆ ಅವ್ವ ಕೊಟ್ಟ ದುಡ್ಡೇ ಗತಿಯಾಯಿತು. ಸೇರುವ ಮುಂಚೆ ಅಷ್ಟು ಕೈಯಲ್ಲಿ ಇಟ್ಟುಕೊಳ್ಳಿ.

ಬೇರೆ ವಿಷಯ ಓದಿದವರಿಗೂ ಇದೇ ದಾರಿ. ನನ್ನ ರೂಮ್‌ಮೇಟ್ ಕೆಮಿಸ್ಟ್ರಿಯವನು, ಈಗ ಮಣ್ಣಿನ ಪರೀಕ್ಷೆಯ ಪ್ರಾಜೆಕ್ಟಿನಲ್ಲಿದ್ದಾನೆ. ಸ್ಟಾಟಿಸ್ಟಿಕ್ಸ್ ಓದಿದ ಗೆಳತಿ ನಮ್ಮ ಪ್ರಾಜೆಕ್ಟಿನ ಹೊಲದ ಪ್ರಯೋಗಗಳ ಲೆಕ್ಕ ನೋಡಿಕೊಡುತ್ತಾಳೆ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ, ರಾಯಚೂರು ಕೃಷಿ ವಿಶ್ವವಿದ್ಯಾಲಯ, ಈ ಮೂರರ ಜಾಹೀರಾತನ್ನೂ ನೋಡುತ್ತಿರಿ. ಬೆಂಗಳೂರಿಗೆ ಹೋಗಲೇಬೇಕು ಅಂತೇನಿಲ್ಲ, ಅಲ್ವಾ?

ನನ್ನ ಪ್ರಾಜೆಕ್ಟ್ ಮಾರ್ಚಿಗೆ ಮುಗಿಯುತ್ತದೆ. ಬೀದರಿನಲ್ಲಿ ಕುರಿ ರೋಗದ ಒಂದು ಕೆಲಸಕ್ಕೆ ಪಿಸಿಆರ್ (ಡಿಎನ್‌ಎ ತುಣುಕನ್ನು ಲ್ಯಾಬಿನಲ್ಲಿ ಹಲವು ಪಟ್ಟು ಮಾಡುವ ವಿಧಾನ) ಗೊತ್ತಿರುವವರು ಬೇಕಂತೆ. ಅದನ್ನು ನಾನು ತೊಗರಿಯಲ್ಲೇ ಕಲಿತಿದ್ದೇನೆ. ಅರ್ಜಿ ಹಾಕಿದ್ದೇನೆ.