ಕೆರೆ ಹಸಿರಾದಾಗ ನಾನು ಕಡ್ಡಿ ಅದ್ದಿ ನೋಡುವುದು

2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಕೋಲಾರದ ಕಡೆಗೆ ಬಂದ ಮೇಲೆ ನಮ್ಮ ಕಡೆ ಎಲ್ಲರೂ ಕೆರೆಯ ಬಣ್ಣ ನೋಡಿ ಮಾತಾಡುವವರೇ. ನಾನೂ ಶಾಲೆಯ ಹಳೇ ಮೈಕ್ರೋಸ್ಕೋಪಿನ ಧೂಳು ಒರೆಸಿದೆ.

ಮೊದಲ ಸಲವೇ ಎಡವಟ್ಟು. ತೂಬಿನ ಪಕ್ಕದ ಮೂಲೆಯಲ್ಲಿ ಒಂದು ಬಾಟಲಿ ತುಂಬಿಸಿ ತಂದು, ಕೆರೆಯೇ ಕೆಟ್ಟಿದೆ ಅಂತ ಸಾರಿಬಿಟ್ಟೆ. ದನ ಮೇಯಿಸುವ ತಾತ ನಕ್ಕರು. "ಮೇಷ್ಟ್ರೇ, ಗಾಳಿ ಇರೋಬರೋದೆಲ್ಲ ಆ ಮೂಲೆಗೇ ತಳ್ತದೆ. ಕೋಡಿ ಕಡೆ ಹೋಗಿ ನೋಡಿ." ಹೋದೆ. ಮೊಣಕಾಲುದ್ದ ನೀರಲ್ಲಿ ನನ್ನ ಬೆರಳು ಕಾಣುತ್ತಿದ್ದವು. ಅಂದಿನಿಂದ ನಾಲ್ಕು ಕಡೆಯ ನೀರು ತರುತ್ತೇನೆ.

ಮೊದಲು ಕಡ್ಡಿ. ಸ್ಪೈರೋಗೈರಾದಂಥ ಹಸಿರು ಪಾಚಿ ನೂಲಿನ ಹಾಗೆ ಜೋತುಬೀಳುತ್ತದೆ. ನೀಲಿ-ಹಸಿರು ಪಾಚಿಯಾದರೆ ಸಾಮಾನ್ಯವಾಗಿ ಪೇಂಟ್ ಬಳಿದಂತೆ ಮೆತ್ತಿಕೊಳ್ಳುತ್ತದೆ. ಆಮೇಲೆ ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ಅಲುಗಿಸದೆ ಇಡುತ್ತೇನೆ. ತೂಬಿನ ಮೂಲೆಯ ನೀರಲ್ಲಿ ಬೆಳಗ್ಗೆ ಹಾಲಿನ ಕೆನೆಯಂತೆ ಹಸಿರು ಪದರ ಮೇಲೆ ಕಟ್ಟಿತ್ತು. ಸ್ಲೈಡಿಗೆ ಹಾಕಿದರೆ ಲೋಳೆಯಲ್ಲಿ ಗಸಗಸೆ ಚೆಲ್ಲಿದ ಹಾಗೆ: ಮೈಕ್ರೋಸಿಸ್ಟಿಸ್ ಎಂಬ ನೀಲಿ-ಹಸಿರು ಪಾಚಿ. ಜೀವಕೋಶದೊಳಗೆ ಗಾಳಿ ತುಂಬಿದ ಪುಟ್ಟ ಕೋಶಗಳಿರುವುದರಿಂದ ತೇಲುತ್ತದೆ.

ಪಾಚಿ ನೋಡಿ ನೀರಿಗೆ ಅಂಕ ಕೊಡುವ ಪಟ್ಟಿಯೊಂದನ್ನು ಪಾಮರ್ ಎಂಬಾತ 1969ರಲ್ಲಿ ಕೊಟ್ಟ. ಯೂಗ್ಲೀನಾಗೆ 5, ಸೀನೆಡೆಸ್ಮಸ್‌ಗೆ 4, ನಾವಿಕುಲಾಗೆ 3, ನಿಟ್ಸ್‌ಷಿಯಾಗೆ 3. ಮೊತ್ತ 20 ಅಥವಾ ಅದಕ್ಕಿಂತ ಹೆಚ್ಚಾದರೆ ಚರಂಡಿಯಂಥ ಸಾವಯವ ಕೊಳೆ ಜಾಸ್ತಿ ಎಂದರ್ಥ. ಆ ಮೂಲೆಯಲ್ಲಿ ಯೂಗ್ಲೀನಾ ಇರಲಿಲ್ಲ, ಉಳಿದ ಮೂರಿದ್ದವು. ಮೈಕ್ರೋಸಿಸ್ಟಿಸ್‌ಗೆ ಪಟ್ಟಿಯಲ್ಲಿರುವುದು ಬರೀ 1. ಕೂಡಿದರೆ 11, ಪಾಸು! ಆದರೆ ಈ 1 ಅಂಕದ ಗಿರಾಕಿಯೇ ಯಕೃತ್ತಿಗೆ ಹೊಡೆತ ಕೊಡುವ ವಿಷ ಉಂಟುಮಾಡಬಲ್ಲದು. ಪಟ್ಟಿ ಅಳೆಯುವುದು ಕೊಳೆಯನ್ನು, ವಿಷವನ್ನಲ್ಲ. ಅದನ್ನೊಂದೇ ನಂಬಿದ್ದರೆ ದನಗಳನ್ನು ಅಲ್ಲೇ ಇಳಿಸಿ ಅನ್ನುತ್ತಿದ್ದೆ.

"ಕಾಯಿಸಿ ಕುಡಿಸಿದರಾಯ್ತಲ್ಲ" ಎಂದರು ಒಬ್ಬರು. ಆಗುವುದಿಲ್ಲ. ಕುದಿಸಿದರೆ ಪಾಚಿಯ ಜೀವಕೋಶ ಒಡೆದು ಒಳಗಿನ ವಿಷ ನೀರಿಗೆ ಬರುತ್ತದೆ, ಹಾಳಾಗುವುದಿಲ್ಲ. ಮೈಕ್ರೋಸಿಸ್ಟಿಸ್ ಎಲ್ಲ ಸಲವೂ ವಿಷವೇ ಆಗಿರುವುದಿಲ್ಲ ನಿಜ, ಆದರೆ ನನ್ನ ಮೈಕ್ರೋಸ್ಕೋಪಿಗೆ ಆ ವ್ಯತ್ಯಾಸ ಕಾಣದು. ಪದರ ಕಂಡರೆ ಆ ಮೂಲೆ ಬೇಡ ಅಂದುಬಿಡುತ್ತೇನೆ, ಅಷ್ಟೇ.

ಈಗ ತಾತನೇ ಕಡ್ಡಿ ಅದ್ದಿ ನೋಡಿ ದನ ಇಳಿಸುತ್ತಾರೆ. ಅನುಮಾನ ಬಂದರೆ ಫೋನ್ ಮಾಡುತ್ತಾರೆ, ಸರಿಯಾಗಿ ನಾನು ಕ್ಲಾಸಿನಲ್ಲಿರುವಾಗ: "ಮೇಷ್ಟ್ರೇ, ಇವತ್ತು ನೂಲೂ ಅಲ್ಲ, ಪೇಂಟೂ ಅಲ್ಲ, ಏನ್ಮಾಡ್ಲಿ?"