ಸೆಪ್ಸಿಸ್‌ಗೆ ರಕ್ತ ಶುದ್ಧೀಕರಣ: ಸಹಿ ಹಾಕುವ ಮುನ್ನ

ಸೆಪ್ಸಿಸ್ (ಸೋಂಕಿಗೆ ದೇಹ ಹದತಪ್ಪಿ ಪ್ರತಿಕ್ರಿಯಿಸಿ ಅಂಗಾಂಗಗಳು ಕೆಡುವ ಸ್ಥಿತಿ) ಆದ ರೋಗಿಯನ್ನು ಜೇವರ್ಗಿಯಿಂದಲೋ ಚಿಂಚೋಳಿಯಿಂದಲೋ ರಾತ್ರೋರಾತ್ರಿ ಕಲಬುರಗಿಯ ತೀವ್ರ ನಿಗಾ ಘಟಕಕ್ಕೆ ತಂದವರಿಗೆ ‘ರಕ್ತ ಶುದ್ಧಿಯ ಫಿಲ್ಟರ್ ಹಾಕೋಣವೇ’ ಎಂಬ ಪ್ರಶ್ನೆ ಎದುರಾದರೆ, ಮೂಲ ಚಿಕಿತ್ಸೆ ಆಗಿದೆಯೇ ಎಂದು ಮೊದಲು ವಿಚಾರಿಸಬೇಕು. ರಕ್ತದೊತ್ತಡ ಕುಸಿದವರಿಗೆ ಆ್ಯಂಟಿಬಯಾಟಿಕ್ 1 ಗಂಟೆಯೊಳಗೆ ಸಿಗಬೇಕು. ಒಳಗೆ ಕೀವು ಕಟ್ಟಿದ್ದರೆ ಅದನ್ನು ಹೊರತೆಗೆಯಬೇಕು. ಇವೆರಡಕ್ಕೂ ಫಿಲ್ಟರ್ ಪರ್ಯಾಯವಲ್ಲ.

ಕುತ್ತಿಗೆಯ ಅಥವಾ ತೊಡೆಸಂದಿಯ ದೊಡ್ಡ ರಕ್ತನಾಳಕ್ಕೆ ಹಾಕಿದ ನಳಿಕೆಯಿಂದ ಹೊರಬಂದ ರಕ್ತವು, ವಿಷಾಂಶ ಹೀರುವ ಎಳೆಗಳೋ ಸಣ್ಣ ಮಣಿಗಳೋ ತುಂಬಿದ ಕೊಳವೆಯನ್ನು ಹಾದು ಮರಳಿ ದೇಹ ಸೇರುತ್ತದೆ. ಕೆಲವು ಕೊಳವೆಗಳು ಔಷಧವನ್ನೂ ಹೀರಿಕೊಳ್ಳುವುದರಿಂದ ಆ್ಯಂಟಿಬಯಾಟಿಕ್ ಪ್ರಮಾಣವನ್ನು ಹೇಗೆ ಹೊಂದಿಸುತ್ತೀರಿ ಎಂದು ವೈದ್ಯರನ್ನು ಕೇಳಿರಿ; ರಕ್ತಸ್ರಾವದ ಅಪಾಯವನ್ನೂ ಕೇಳಿರಿ.

ಪಾಲಿಮಿಕ್ಸಿನ್ ಬಿ ಎಂಬ ಆ್ಯಂಟಿಬಯಾಟಿಕ್ ಅಂಟಿಸಿದ ಎಳೆಗಳ ಕೊಳವೆಯನ್ನು 450 ರೋಗಿಗಳಲ್ಲಿ ಪರೀಕ್ಷಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 28 ದಿನಗಳ ಸಾವಿನ ಪ್ರಮಾಣ ಗಮನಾರ್ಹವಾಗಿ ತಗ್ಗಲಿಲ್ಲ. 2021ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಅದನ್ನು ಬಳಸದಿರುವಂತೆಯೇ ಸೂಚಿಸಿತು. ತೊಗರಿ ಮಾರಿದ ಹಣವೆಲ್ಲ ಇದಕ್ಕೇ ಹೋಗುವಂತಿದ್ದರೆ, ಬೇಡವೆನ್ನುವುದು ರೋಗಿಯನ್ನು ಕೈಬಿಟ್ಟಂತಲ್ಲ ಎಂಬುದು ನನ್ನ ಅಭಿಪ್ರಾಯ.

ಡಯಾಲಿಸಿಸ್ ಮಾತ್ರ ಬೇರೆ: ಮಂಚದ ಬದಿಯ ಚೀಲಕ್ಕೆ ಮೂತ್ರ ಇಳಿಯುವುದು ನಿಂತು, ರಕ್ತದಲ್ಲಿ ಪೊಟ್ಯಾಸಿಯಮ್ ಏರಿದೆ ಎಂದು ವೈದ್ಯರು ಹೇಳಿದರೆ ಅದಕ್ಕೆ ಒಪ್ಪಿಗೆ ಕೊಡಲು ತಡಮಾಡಬಾರದು.